ಲೂಯಿ ಪಾಶ್ಚರ್ ಮತ್ತು ನಿಮ್ಮ ಮನೆಯ ನಾಯಿಮರಿ

ಮಕ್ಕಳೇ, ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ನಾಯಿ ಇದೆ? ಶಾಲೆಗಳಿಗೆ ಹೋದಾಗಲೆಲ್ಲ ನಾನು ಈ ಪ್ರಶ್ನೆ ಕೇಳುತ್ತೇನೆ. ತರಗತಿಯ ಅರ್ಧದಷ್ಟು ಕೈಗಳು ಮೇಲೇಳುತ್ತವೆ. ಆ ನಾಯಿಗೆ ಚುಚ್ಚುಮದ್ದು ಹಾಕಿಸಿದ್ದೀರಾ ಎಂದು ಕೇಳಿದೊಡನೆ ಬಹಳಷ್ಟು ಕೈಗಳು ಮೆಲ್ಲನೆ ಕೆಳಗಿಳಿಯುತ್ತವೆ.

ಒಮ್ಮೆ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ನನ್ನನ್ನೇ ಪ್ರಶ್ನಿಸಿದಳು. ಅವಳ ಮನೆಗೆ ಎರಡು ತಿಂಗಳ ನಾಯಿಮರಿ ಬಂದಿತ್ತು. ನಾಯಿಗೆ ಒಂದು ಚುಚ್ಚುಮದ್ದು ಸಾಕು ಎಂದು ಅಪ್ಪ ಹೇಳುತ್ತಿದ್ದರಂತೆ. ಪೇಟೆಯಲ್ಲಿರುವ ಚಿಕ್ಕಪ್ಪ ಆರೇಳು ಬೇಕು, ಜೊತೆಗೆ ಹುಳುವಿನ ಮಾತ್ರೆಯೂ ಬೇಕು ಎನ್ನುತ್ತಿದ್ದರಂತೆ. ಅಜ್ಜಿಯ ಪ್ರಕಾರ ಯಾವುದೂ ಬೇಡ, ನಾಯಿ ತಾನಾಗಿಯೇ ಬೆಳೆಯುತ್ತದೆ. ಇವರಲ್ಲಿ ಯಾರ ಮಾತು ಸರಿ ಎಂಬುದು ಅವಳ ಪ್ರಶ್ನೆ.

ಒಳ್ಳೆಯ ಪ್ರಶ್ನೆ. ಉತ್ತರ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಬ್ಬ ಮನುಷ್ಯನ ಕಥೆ ಹೇಳಬೇಕು. ಆತ ವೈದ್ಯನಲ್ಲ, ಪಶುವೈದ್ಯನೂ ಅಲ್ಲ. ಓದಿದ್ದು ರಸಾಯನ ವಿಜ್ಞಾನ. ಆದರೂ ನಾಯಿಗೆ ಯಾವ ಲಸಿಕೆ ಬೇಕು ಎಂದು ನಾವು ಇಂದು ಯೋಚಿಸಲು ಸಾಧ್ಯವಾಗಿರುವುದರಲ್ಲಿ ಆತನ ಪಾಲು ಬಹಳ ದೊಡ್ಡದು. ಆತನೇ ಲೂಯಿ ಪಾಶ್ಚರ್.

ಕಮ್ಮಾರನ ಕುಲುಮೆ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸ್ ದೇಶದ ಡೋಲ್ ಎಂಬ ಊರಿನಲ್ಲಿ. ತಂದೆ ಹಿಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸೈನಿಕರಾಗಿದ್ದವರು. ಆಮೇಲೆ ಚರ್ಮ ಹದಮಾಡುವ ಕೆಲಸ ಹಿಡಿದರು. ಲೂಯಿ ಚಿಕ್ಕವನಿದ್ದಾಗಲೇ ಕುಟುಂಬ ಆರ್ಬುವಾ ಎಂಬ ಪುಟ್ಟ ಊರಿಗೆ ಬಂದು ನೆಲೆಸಿತು. ಶಾಲೆಯಲ್ಲಿ ಲೂಯಿ ತೀರಾ ಬುದ್ಧಿವಂತನೆಂದೇನೂ ಹೆಸರು ಪಡೆದಿರಲಿಲ್ಲ. ಚಿತ್ರ ಬರೆಯುವುದರಲ್ಲಿ ಮಾತ್ರ ಕೈ ಚೆನ್ನಾಗಿತ್ತು. ಅವನು ಬರೆದ ಅಪ್ಪ ಅಮ್ಮನ ಚಿತ್ರಗಳು ಈಗಲೂ ಉಳಿದಿವೆ.

1831ರಲ್ಲಿ, ಲೂಯಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ, ಆ ಸೀಮೆಗೆ ಹುಚ್ಚು ಹಿಡಿದ ತೋಳವೊಂದು ನುಗ್ಗಿತು. ದಾರಿಯಲ್ಲಿ ಸಿಕ್ಕ ದನ, ಜನ ಎಲ್ಲರನ್ನೂ ಕಚ್ಚುತ್ತ ಹೋಯಿತು. ಆಗ ಅದಕ್ಕೆ ಗೊತ್ತಿದ್ದ ಚಿಕಿತ್ಸೆ ಒಂದೇ. ಕಚ್ಚಿಸಿಕೊಂಡವರನ್ನು ಕಮ್ಮಾರನ ಕುಲುಮೆಗೆ ಕರೆದೊಯ್ದು, ಕೆಂಪಗೆ ಕಾದ ಕಬ್ಬಿಣದಿಂದ ಗಾಯವನ್ನು ಸುಡುವುದು! ಲೂಯಿಯ ಮನೆಯ ಹತ್ತಿರದಲ್ಲೇ ಇದ್ದ ಕುಲುಮೆಯಲ್ಲೂ ಇದು ನಡೆಯಿತು. ಅಷ್ಟಾದರೂ ಆ ಸುತ್ತಿನಲ್ಲಿ ಹಲವರು ಉಳಿಯಲಿಲ್ಲ. ನೀರು ಕುಡಿಯಲಾಗದೆ, ಗಂಟಲು ಬಿಗಿದು, ನರಳಿ ಸತ್ತರು. ತೋಳದ ಆ ಸುದ್ದಿ ಸೀಮೆಯಲ್ಲಿ ವರ್ಷಗಟ್ಟಲೆ ಹೆದರಿಕೆಯ ಮಾತಾಗಿ ಉಳಿಯಿತು.

ಇದನ್ನು ನೆನಪಿಟ್ಟುಕೊಳ್ಳಿ. ಈ ಸೀಮೆಗೆ ನಾವು ಮತ್ತೊಮ್ಮೆ ಬರಲಿದ್ದೇವೆ.

ರೇಷ್ಮೆಹುಳುವಿನಿಂದ ಕಲಿತ ಪಾಠ

ಮುಂದೆ ಪಾಶ್ಚರ್ ಪ್ಯಾರಿಸ್ಸಿನಲ್ಲಿ ಓದಿ, ಹರಳುಗಳ ಮೇಲೆ ಸಂಶೋಧನೆ ಮಾಡಿ 26ನೆಯ ವಯಸ್ಸಿಗೇ ವಿಜ್ಞಾನಿಗಳ ಗಮನ ಸೆಳೆದರು. 1849ರಲ್ಲಿ ಮಾರಿ ಲೊರಾಂ ಎಂಬವರನ್ನು ಮದುವೆಯಾದರು. ಲೀಲ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಹುದುಗುವಿಕೆಯ ವಿಷಯ ಅವರ ಕೈಗೆ ಬಂತು. ಹಾಲು ಹುಳಿಯಾಗುವುದು, ದ್ರಾಕ್ಷಿರಸ ಮದ್ಯವಾಗುವುದು, ಮದ್ಯ ಕೆಡುವುದು, ಇವೆಲ್ಲ ಕಣ್ಣಿಗೆ ಕಾಣದ ಜೀವಿಗಳ ಕೆಲಸ ಎಂದು ಅವರು ತೋರಿಸಿದರು. ದ್ರವವನ್ನು ಕುದಿಯದಷ್ಟು ಬಿಸಿಮಾಡಿ ಕೆಡದಂತೆ ಇಡುವ ವಿಧಾನವನ್ನೂ ಕಂಡುಹಿಡಿದರು. ಹಾಲಿನ ಪ್ಯಾಕೆಟ್ಟಿನ ಮೇಲೆ ಪಾಶ್ಚರೀಕರಿಸಿದ ಹಾಲು ಎಂದು ಬರೆದಿರುವುದನ್ನು ನೀವು ಓದಿರಬಹುದು. ಆ ಹೆಸರು ಇವರದೇ.

ಇನ್ನು ಬರುವ ಭಾಗ ನಮ್ಮ ರಾಮನಗರ, ಶಿಡ್ಲಘಟ್ಟ, ಕೋಲಾರದ ಕಡೆಯ ಮಕ್ಕಳಿಗೆ ಹೆಚ್ಚು ಇಷ್ಟವಾಗಬಹುದು. 1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ರೇಷ್ಮೆ ಬೆಳೆಗಾರರು ಹಾಳಾಗಿ ಹೋಗುತ್ತಿದ್ದರು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಎರಚಿದಂತೆ ಕಪ್ಪು ಚುಕ್ಕೆಗಳೇಳುತ್ತಿದ್ದವು. ಹುಳುಗಳು ಗೂಡು ಕಟ್ಟದೆ ಸಾಯುತ್ತಿದ್ದವು. ಇದಕ್ಕೆ ಪೆಬ್ರಿನ್ ಎಂದು ಹೆಸರು. ಪಾಶ್ಚರರ ಗುರುಗಳಾಗಿದ್ದ ದ್ಯೂಮಾ ಅವರು ಈ ಸಮಸ್ಯೆ ಬಿಡಿಸಿಕೊಡಲು ಕೇಳಿಕೊಂಡರು. ಪಾಶ್ಚರ್ ಅಲ್ಲಿಯವರೆಗೆ ರೇಷ್ಮೆಹುಳುವಿನ ಮೇಲೆ ಕೆಲಸ ಮಾಡಿದವರೇ ಅಲ್ಲ! ಆದರೂ ಹೊರಟರು. ಐದು ವರ್ಷ, ಪ್ರತಿ ಹಂಗಾಮಿನಲ್ಲೂ ಆಲೆಸ್ ಎಂಬ ಊರಿಗೆ ಹೋಗಿ ಹುಳು ಸಾಕಿದರು. ಹೆಂಡತಿ, ಮಗಳು ಕೂಡ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳು ಸಾಕಲು ನೆರವಾದರು.

ಅವರು ಕಂಡುಕೊಂಡದ್ದು ಇಷ್ಟು. ರೋಗದ ಹುಳುವಿನ ಮೈಯಲ್ಲಿ ಹೊಳೆಯುವ ಪುಟ್ಟ ಮೊಟ್ಟೆಯಾಕಾರದ ಕಣಗಳಿರುತ್ತವೆ. ಆ ಕಣಗಳು ತಾಯಿ ಪತಂಗದಿಂದ ಅದರ ಮೊಟ್ಟೆಗಳಿಗೆ ದಾಟುತ್ತವೆ. ಹಾಗಾದರೆ ಮಾಡಬೇಕಾದ್ದೇನು? ತಾಯಿ ಪತಂಗ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಣಗಳು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಬೇಕು. ಕಾಣದಿದ್ದರೆ ಆ ಮೊಟ್ಟೆಗಳನ್ನು ರೈತರಿಗೆ ಕೊಡಬಹುದು. ನಮ್ಮ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಪತಂಗವನ್ನು ಪರೀಕ್ಷಿಸುತ್ತಾರೆ. ಹತ್ತಿರದಲ್ಲಿ ಬಿತ್ತನೆ ಕೋಠಿ ಇದ್ದರೆ ನಿಮ್ಮ ಗುರುಗಳೊಂದಿಗೆ ಹೋಗಿ ನೋಡಿ ಬನ್ನಿ.

ಆ ವರ್ಷಗಳು ಪಾಶ್ಚರರಿಗೆ ಬಹಳ ಕಷ್ಟದ ಕಾಲ. 1865ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಎರಡು ವರ್ಷದ ಮಗಳು ಕಾಮಿಲ್ ಹೋದಳು. ಮರುವರ್ಷ 12 ವರ್ಷದ ಸೆಸಿಲ್ ಟೈಫಾಯಿಡ್ ಜ್ವರದಿಂದ ಸತ್ತಳು. ಹಿರಿಯ ಮಗಳು ಜಾನ್ 1859ರಲ್ಲೇ ಅದೇ ಜ್ವರಕ್ಕೆ ಬಲಿಯಾಗಿದ್ದಳು. ಐದು ಮಕ್ಕಳಲ್ಲಿ ಮೂವರು ಹೋದರು. 1868ರಲ್ಲಿ ಪಾಶ್ಚರರಿಗೇ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಆಗ ಅವರಿಗೆ 45 ವರ್ಷ. ಮುಂದೆ ಎಂದೂ ಅವು ಪೂರ್ತಿ ಸರಿಹೋಗಲಿಲ್ಲ. ಇನ್ನು ಹೇಳುವ ಕೆಲಸವನ್ನೆಲ್ಲ ಅವರು ಮಾಡಿದ್ದು ಇದಾದ ಮೇಲೆ.

ಬಲ ಕುಂದಿದ ರೋಗಾಣು

1879ರಲ್ಲಿ ಪಾಶ್ಚರ್ ಕೋಳಿ ಕಾಲರಾ ರೋಗಾಣುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದರು. ಹೊಸದಾಗಿ ಬೆಳೆಸಿದ ರೋಗಾಣು ಚುಚ್ಚಿದರೆ ಕೋಳಿ ಸಾಯುತ್ತಿತ್ತು. ಆದರೆ ಬಹಳ ದಿನ ಹಾಗೆಯೇ ಇಟ್ಟಿದ್ದ ಹಳೆಯ ರೋಗಾಣು ಚುಚ್ಚಿದಾಗ ಕೋಳಿಗಳು ಸ್ವಲ್ಪ ಮಂಕಾಗಿ ಮತ್ತೆ ಚೇತರಿಸಿಕೊಂಡವು. ಅವೇ ಕೋಳಿಗಳಿಗೆ ಆಮೇಲೆ ತಾಜಾ ರೋಗಾಣು ಚುಚ್ಚಿದರೂ ಅವು ಸಾಯಲಿಲ್ಲ!

ಏಕೆ ಗೊತ್ತೆ? ನಮ್ಮ ದೇಹದಂತೆಯೇ ಕೋಳಿಯ ದೇಹವೂ ಒಮ್ಮೆ ಎದುರಿಸಿದ ರೋಗಾಣುವನ್ನು ಗುರುತಿಟ್ಟುಕೊಳ್ಳುತ್ತದೆ. ಬಲ ಕುಂದಿದ ರೋಗಾಣು ರೋಗ ತರುವುದಿಲ್ಲ, ಆದರೆ ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ಮುಂದೆ ಬಲವಾದ ರೋಗಾಣು ಬಂದಾಗ ದೇಹ ಸಿದ್ಧವಾಗಿರುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬನ್ನು ಬಳಸಿ ಮನುಷ್ಯರ ಸಿಡುಬನ್ನು ತಡೆದದ್ದನ್ನು ನೀವು ಪಾಠದಲ್ಲಿ ಓದಿದ್ದೀರಿ. ಜೆನ್ನರ್ ಬಳಸಿದ್ದು ನಿಸರ್ಗದಲ್ಲಿ ಸಿಕ್ಕಿದ್ದನ್ನು. ಪಾಶ್ಚರ್ ರೋಗಾಣುವನ್ನೇ ಪಳಗಿಸಿ ಲಸಿಕೆ ತಯಾರಿಸಬಹುದೆಂದು ತೋರಿಸಿದರು. ಜೆನ್ನರ್ ಮೇಲಿನ ಗೌರವದಿಂದ, ಹಸು ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ವ್ಯಾಕ್ಸೀನ್ ಎಂಬ ಹೆಸರನ್ನೇ ಎಲ್ಲ ಲಸಿಕೆಗಳಿಗೂ ಇಟ್ಟರು.

1881ರಲ್ಲಿ ಪೂಯಿ ಲ ಫೋರ್ ಎಂಬ ಹಳ್ಳಿಯಲ್ಲಿ ಬಹಿರಂಗ ಪರೀಕ್ಷೆ ನಡೆಯಿತು. ರೋಗ ನೆರಡಿ, ಅಂದರೆ ಆಂಥ್ರಾಕ್ಸ್. ಲಸಿಕೆ ಹಾಕಿದ 24 ಕುರಿಗಳು ಒಂದು ಕಡೆ, ಹಾಕದ 24 ಕುರಿಗಳು ಇನ್ನೊಂದು ಕಡೆ. ಮೇ 31ರಂದು ಎಲ್ಲಕ್ಕೂ ಬಲವಾದ ರೋಗಾಣು ಚುಚ್ಚಿದರು. ಜೂನ್ 2ರಂದು ಜನ ಬಂದು ನೋಡಿದಾಗ ಲಸಿಕೆ ಪಡೆದ ಕುರಿಗಳು ನಿಂತು ಮೇಯುತ್ತಿದ್ದವು. ಮತ್ತೊಂದು ಕಡೆಯ ಕುರಿಗಳಲ್ಲಿ ಹೆಚ್ಚಿನವು ಸತ್ತುಬಿದ್ದಿದ್ದವು, ಉಳಿದವು ಆ ದಿನ ಮುಗಿಯುವುದರೊಳಗೆ ಸತ್ತವು.

ಕಾಣದ ಶತ್ರು

ಈಗ ನಾಯಿಯ ವಿಷಯಕ್ಕೆ ಬರೋಣ. 1880ರ ಕೊನೆಯಲ್ಲಿ ಪಾಶ್ಚರ್ ರೇಬೀಸ್ ರೋಗವನ್ನು ಕೈಗೆತ್ತಿಕೊಂಡರು. ನಮ್ಮಲ್ಲಿ ಇದನ್ನು ಹುಚ್ಚುನಾಯಿ ರೋಗ ಎನ್ನುತ್ತಾರೆ. ಅವರ ಜೊತೆಗೆ ಎಮಿಲ್ ರೂ ಎಂಬ ಯುವ ವೈದ್ಯರಿದ್ದರು. ಕೆಲಸ ಅಪಾಯದ್ದು. ಹುಚ್ಚು ಹಿಡಿದ ನಾಯಿಯನ್ನು ಮೇಜಿನ ಮೇಲೆ ಕಟ್ಟಿ, ಅದರ ಬಾಯಿಯ ಹತ್ತಿರ ಬಗ್ಗಿ, ಗಾಜಿನ ಕೊಳವೆಯಿಂದ ಜೊಲ್ಲನ್ನು ಹೀರಿ ತೆಗೆಯುತ್ತಿದ್ದರಂತೆ. ಸ್ವಲ್ಪ ಎಡವಟ್ಟಾದರೂ ಸಾವು ಖಂಡಿತ. ಇದನ್ನು ನೀವು ಕನಸಿನಲ್ಲೂ ಅನುಕರಿಸಬಾರದು!

ಆ ಜೊಲ್ಲನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ರೇಬೀಸಿನ ರೋಗಾಣು ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಏಕೆಂದರೆ ಅದು ವೈರಸ್. ಅದನ್ನು ಕಾಣಲು ಬೇಕಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದದ್ದು ಪಾಶ್ಚರ್ ಸತ್ತು ಎಷ್ಟೋ ವರ್ಷಗಳಾದ ಮೇಲೆ. ಕಣ್ಣಿಗೆ ಕಾಣದ, ಶೀಷೆಯಲ್ಲಿ ಬೆಳೆಯದ ಶತ್ರುವನ್ನು ಪಳಗಿಸುವುದು ಹೇಗೆ?

ಪಾಶ್ಚರ್ ಹೀಗೆ ಯೋಚಿಸಿದರು. ರೋಗ ಬಂದ ಪ್ರಾಣಿ ಕೆರಳುತ್ತದೆ, ತೂರಾಡುತ್ತದೆ, ನುಂಗಲಾರದೆ ಒದ್ದಾಡುತ್ತದೆ. ಅಂದರೆ ರೋಗ ಇರುವುದು ಮಿದುಳಿನಲ್ಲಿ, ನರಗಳಲ್ಲಿ. ಆದ್ದರಿಂದ ರೋಗಾಣುವನ್ನು ಶೀಷೆಯಲ್ಲಿ ಬೆಳೆಸುವ ಬದಲು ಮೊಲದ ಮಿದುಳಿನಲ್ಲೇ ಬೆಳೆಸಿದರು. ಒಂದು ಮೊಲದಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದರು. ರೋಗ ಕಾಣಿಸಿಕೊಳ್ಳಲು ಬೇಕಾದ ದಿನಗಳು ಕೊನೆಗೆ ಸುಮಾರು ಏಳಕ್ಕೆ ಬಂದು ನಿಂತವು. ಆಮೇಲೆ ಸತ್ತ ಮೊಲದ ಮಿದುಳುಬಳ್ಳಿಯನ್ನು ಗಾಜಿನ ಶೀಷೆಯಲ್ಲಿ ದಾರ ಕಟ್ಟಿ ತೂಗುಹಾಕಿದರು. ತೇವ ಹೀರಲು ಅಡಿಯಲ್ಲಿ ಕ್ಷಾರದ ತುಂಡುಗಳನ್ನಿಟ್ಟರು. ದಿನ ಕಳೆದಂತೆ ಅದು ಒಣಗಿತು, ರೋಗಾಣುವಿನ ಬಲವೂ ಕುಂದಿತು. ಸುಮಾರು ಎರಡು ವಾರ ಒಣಗಿದರೆ ಅದರಿಂದ ರೋಗವೇ ಬರುತ್ತಿರಲಿಲ್ಲ.

ಇದನ್ನು ಮೊದಲು ಪಡೆದವು ನಾಯಿಗಳು. ಮೊದಲ ದಿನ ಎರಡು ವಾರ ಒಣಗಿದ್ದು, ಮರುದಿನ ಅದಕ್ಕಿಂತ ಒಂದು ದಿನ ಕಡಿಮೆ ಒಣಗಿದ್ದು, ಹೀಗೆ ಮೆಟ್ಟಿಲು ಹತ್ತಿಸಿದಂತೆ ಚುಚ್ಚುತ್ತ ಹೋದರು. ಲಸಿಕೆ ಪಡೆದ ನಾಯಿಗಳು ಆಮೇಲೆ ರೋಗಾಣುವನ್ನು ತಡೆದುಕೊಂಡವು. 1884ರಲ್ಲಿ ಸರ್ಕಾರದ ಸಮಿತಿಯೊಂದು ಪಾಶ್ಚರರ ನಾಯಿಗಳನ್ನು ಪರೀಕ್ಷಿಸಿ, ಅವುಗಳಿಗೆ ರಕ್ಷಣೆ ಸಿಕ್ಕಿದೆ ಎಂದು ಒಪ್ಪಿತು. ಈ ಪ್ರಯೋಗಗಳಲ್ಲಿ ಎಷ್ಟೋ ನಾಯಿಗಳೂ ಮೊಲಗಳೂ ಪ್ರಾಣ ಕಳೆದುಕೊಂಡವು. ಅದನ್ನು ಆ ಕಾಲದಲ್ಲೇ ವಿರೋಧಿಸಿದವರಿದ್ದರು.

ಈಗ ಪಾಶ್ಚರರ ಮುಂದೆ ನಿಂತ ಪ್ರಶ್ನೆ ನಮ್ಮ ಆರನೆಯ ತರಗತಿಯ ಹುಡುಗಿಯ ಪ್ರಶ್ನೆಗೆ ಹತ್ತಿರದ್ದೇ. ಯಾವ ನಾಯಿಗೆ ಲಸಿಕೆ ಹಾಕಬೇಕು? ರೋಗ ಮನುಷ್ಯರಿಗೆ ಬರುವುದು ಬಹುಮಟ್ಟಿಗೆ ನಾಯಿಯಿಂದ. ಎಲ್ಲ ನಾಯಿಗಳಿಗೂ ಲಸಿಕೆ ಹಾಕಿದರೆ ರೋಗದ ಬೇರೇ ಒಣಗುತ್ತದೆ. ಲೆಕ್ಕ ಹಾಕಿದರು. ಪ್ಯಾರಿಸ್ ಒಂದರಲ್ಲೇ ಲಕ್ಷಕ್ಕೂ ಮಿಕ್ಕಿ ನಾಯಿಗಳು, ದೇಶದ ಉಳಿದ ಭಾಗಗಳಲ್ಲಿ ಇನ್ನೂ ಲಕ್ಷಾಂತರ. ಒಂದೊಂದು ನಾಯಿಗೂ ಹಲವು ದಿನ ಹಲವು ಚುಚ್ಚುಮದ್ದು. ಅಷ್ಟು ಮೊಲಗಳನ್ನು ತರುವುದೆಲ್ಲಿಂದ? ಇದು ಆಗದ ಕೆಲಸ ಎಂದು ಪಾಶ್ಚರ್ ಕೈಬಿಟ್ಟರು.

ಅವರಿಗೆ ಇನ್ನೊಂದು ದಾರಿ ಕಂಡಿತು. ನಾಯಿ ಕಚ್ಚಿದೊಡನೆ ರೋಗ ಬರುವುದಿಲ್ಲ. ಗಾಯದಿಂದ ಹೊರಟ ರೋಗಾಣು ನರಗಳ ದಾರಿ ಹಿಡಿದು ಮಿದುಳು ತಲುಪಲು ಸಾಮಾನ್ಯವಾಗಿ ಕೆಲವು ವಾರಗಳು ಬೇಕು. ಅದು ಮಿದುಳು ಮುಟ್ಟುವ ಮೊದಲೇ ಲಸಿಕೆ ದೇಹವನ್ನು ಸಿದ್ಧಗೊಳಿಸಿದರೆ? ಇದು ಒಂದು ಓಟದ ಪಂದ್ಯ. ಕಚ್ಚಿಸಿಕೊಂಡ ಮೇಲೂ ಮನುಷ್ಯನನ್ನು ಉಳಿಸಬಹುದು!

ಮೂವರು ಮಕ್ಕಳು

1885ರ ಜುಲೈ 6ರಂದು ಆಲ್ಸೇಸ್ ಪ್ರಾಂತ್ಯದಿಂದ ತಾಯಿಯೊಬ್ಬಳು ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಪಾಶ್ಚರರ ಬಾಗಿಲಿಗೆ ಬಂದಳು. ಹುಡುಗನ ಹೆಸರು ಜೋಸೆಫ್ ಮೈಸ್ಟರ್. ಎರಡು ದಿನದ ಹಿಂದೆ ನಾಯಿಯೊಂದು ಅವನನ್ನು ಹದಿನಾಲ್ಕು ಕಡೆ ಕಚ್ಚಿತ್ತು. ಪಾಶ್ಚರ್ ವೈದ್ಯರಲ್ಲದ್ದರಿಂದ ಕಾನೂನಿನ ಪ್ರಕಾರ ಸೂಜಿ ಚುಚ್ಚುವಂತಿರಲಿಲ್ಲ. ಗ್ರಾಂಶೆ ಎಂಬ ವೈದ್ಯರು ಚುಚ್ಚಿದರು. ಜುಲೈ 16ರವರೆಗೆ ಒಟ್ಟು 13 ಚುಚ್ಚುಮದ್ದುಗಳು. ಕೊನೆಯದು ತೀರಾ ಬಲವಾದದ್ದು, ಮೊಲವನ್ನು ಕೊಲ್ಲಬಲ್ಲದ್ದು. ಆ ರಾತ್ರಿಗಳಲ್ಲಿ ಹುಡುಗ ನಿದ್ರೆ ಮಾಡಿದ, ಪಾಶ್ಚರರಿಗೆ ನಿದ್ರೆ ಬರಲಿಲ್ಲ.

ಮೈಸ್ಟರ್ ಬದುಕಿದ. ದೊಡ್ಡವನಾದ ಮೇಲೆ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾಗಿ ಕೆಲಸ ಮಾಡಿದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪಾಶ್ಚರರ ಪ್ರಯೋಗಾಲಯದ ಟಿಪ್ಪಣಿ ಪುಸ್ತಕಗಳು 1970ರ ದಶಕದಲ್ಲಿ ಸಂಶೋಧಕರ ಕೈಗೆ ಸಿಕ್ಕವು. ಮೈಸ್ಟರ್‌ಗೆ ಕೊಟ್ಟ ಕ್ರಮದಲ್ಲಿಯೇ ಲಸಿಕೆ ಪಡೆದ ನಾಯಿಗಳ ಪರೀಕ್ಷೆ ಆಗಿನ್ನೂ ಮುಗಿದಿರಲಿಲ್ಲ ಎಂಬುದು ಅವುಗಳಿಂದ ತಿಳಿಯಿತು. ಪಾಶ್ಚರ್ ಜಗತ್ತಿಗೆ ಹೇಳಿದ್ದು ಅವರ ಬಳಿ ಇದ್ದ ಪುರಾವೆಗಿಂತ ತುಸು ಹೆಚ್ಚಾಗಿತ್ತು. ಜೊತೆಗಾರ ರೂ ಕೂಡ ಆ ಹುಡುಗನ ಚಿಕಿತ್ಸೆಯಿಂದ ದೂರ ಉಳಿದರು. ಪಾಶ್ಚರ್ ದೊಡ್ಡ ವಿಜ್ಞಾನಿ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೊಡ್ಡವರು ಮಾಡಿದ್ದನ್ನೆಲ್ಲ ಸರಿ ಎಂದು ಬರೆಯುವುದು ವಿಜ್ಞಾನವಲ್ಲ ಎಂದೂ ನನಗನ್ನಿಸುತ್ತದೆ.

ಎರಡನೆಯ ಹುಡುಗ ಜಾನ್ ಬಾಪ್ಟಿಸ್ಟ್ ಜ್ಯೂಪಿಯ್, 15 ವರ್ಷದ ಕುರಿಗಾಹಿ. ಊರು ವಿಲ್ಲೆರ್ ಫಾರ್ಲೆ. ಇದು ಪಾಶ್ಚರ್ ಬೆಳೆದ ಆರ್ಬುವಾದ ಹತ್ತಿರದ್ದೇ ಊರು, ಹಿಂದೆ ಹುಚ್ಚು ತೋಳ ಓಡಾಡಿದ ಸೀಮೆ! 1885ರ ಅಕ್ಟೋಬರ್‌ನಲ್ಲಿ ಹುಚ್ಚುನಾಯಿಯೊಂದು ಚಿಕ್ಕ ಕುರಿಗಾಹಿ ಮಕ್ಕಳ ಮೇಲೆ ನುಗ್ಗಿತು. ಜ್ಯೂಪಿಯ್ ಅಡ್ಡ ನಿಂತು ಅದರೊಡನೆ ಹೋರಾಡಿ ಅದನ್ನು ಕೊಂದ. ಅವನ ಕೈಗಳು ಕಚ್ಚಿ ಹರಿದುಹೋಗಿದ್ದವು. ಪ್ಯಾರಿಸ್ಸಿಗೆ ತಲುಪಿ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಆರು ದಿನಗಳಾಗಿದ್ದವು. ಆದರೂ ಉಳಿದ. ನಾಯಿಯೊಡನೆ ಹೋರಾಡುತ್ತಿರುವ ಅವನ ಪ್ರತಿಮೆ ಪಾಶ್ಚರ್ ಸಂಸ್ಥೆಯ ಅಂಗಳದಲ್ಲಿದೆ.

ಮೂರನೆಯವಳು ಲೂಯಿಸ್ ಪೆಲ್ತಿಯೆ. ಅವಳಿಗೆ ಹತ್ತು ವರ್ಷ. ತಲೆಗೆ ಆಳವಾದ ಗಾಯ. ಅವಳನ್ನು ಪಾಶ್ಚರರ ಬಳಿಗೆ ಕರೆತಂದದ್ದು ನಾಯಿ ಕಚ್ಚಿ 37 ದಿನಗಳಾದ ಮೇಲೆ. ತಲೆಯಿಂದ ಮಿದುಳಿಗೆ ದಾರಿ ಎಷ್ಟು ಹತ್ತಿರ, ಯೋಚಿಸಿ. ಓಟದಲ್ಲಿ ರೋಗಾಣು ಬಹಳ ಮುಂದಿತ್ತು. ಇದು ಕೈಮೀರಿದೆ ಎಂದು ಪಾಶ್ಚರರಿಗೆ ಗೊತ್ತಿತ್ತು. ಅವಳು ಸತ್ತರೆ ಹೊಸ ಚಿಕಿತ್ಸೆಗೇ ಕೆಟ್ಟ ಹೆಸರು ಬರುವ ಅಪಾಯವಿತ್ತು. ಆದರೂ ತಂದೆತಾಯಿಯ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಡಿಸೆಂಬರ್ 3ರಂದು ಲೂಯಿಸ್ ತೀರಿಕೊಂಡಳು. ಪಾಶ್ಚರ್ ಅವಳ ಹಾಸಿಗೆಯ ಬಳಿ ಬಹಳ ಹೊತ್ತು ಕುಳಿತಿದ್ದು, ಹೊರಗೆ ಬಂದಾಗ ಅತ್ತುಬಿಟ್ಟರಂತೆ.

ನಾಯಿ ಕಚ್ಚಿದರೂ ಬೈಗುಳಕ್ಕೆ ಹೆದರಿ ಮನೆಯಲ್ಲಿ ಹೇಳದೆ ಮುಚ್ಚಿಡುವ ಮಕ್ಕಳು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರೇಬೀಸಿನಿಂದ ಸಾಯುವವರಲ್ಲಿ ಶೇ. 40ರಷ್ಟು ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿ ಕಚ್ಚಲಿ, ಪರಚಲಿ, ಗಾಯವನ್ನು ನೆಕ್ಕಲಿ, ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೊದಲ ಚುಚ್ಚುಮದ್ದು ಹಾಕಿಸಿಕೊಂಡು ಉಳಿದವನ್ನು ಮರೆಯಬಾರದು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ದೊಡ್ಡವರು ಹೆದರಿಸಿದರೆ ನಂಬಬೇಡಿ. ಅದು ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬವರು ಕುರಿಯ ಮಿದುಳಿನಿಂದ ತಯಾರಿಸಿದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ ಅದು ನಿಂತು ಬಹಳ ವರ್ಷಗಳಾದವು. ಈಗ ತೋಳಿಗೆ ಕೆಲವೇ ಚುಚ್ಚುಮದ್ದು. ಗಾಯ ದೊಡ್ಡದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧವನ್ನೂ ಕೊಡುತ್ತಾರೆ.

ಕೈಬಿಟ್ಟ ಲೆಕ್ಕ

ದೇಶವಿದೇಶಗಳಿಂದ ಕಚ್ಚಿಸಿಕೊಂಡವರು ಪ್ಯಾರಿಸ್ಸಿಗೆ ಬರತೊಡಗಿದರು. 1886ರಲ್ಲಿ ರಷ್ಯಾದ ಸ್ಮೊಲೆನ್ಸ್ಕ್‌ನಿಂದ ತೋಳ ಕಚ್ಚಿದ 19 ಮಂದಿ ಬಂದರು. ಅವರಲ್ಲಿ 16 ಮಂದಿ ಬದುಕಿ ಊರಿಗೆ ಮರಳಿದರು. ಜನರ ದೇಣಿಗೆಯಿಂದ ಪಾಶ್ಚರ್ ಸಂಸ್ಥೆ 1888ರಲ್ಲಿ ಆರಂಭವಾಯಿತು. ಅದರ ಮಾದರಿಯಲ್ಲಿ ನಮ್ಮ ದೇಶದ ಕಸೌಲಿಯಲ್ಲಿ 1900ರಲ್ಲಿ, ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಸಂಸ್ಥೆಗಳು ಹುಟ್ಟಿದವು.

ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಪ್ಯಾರಿಸ್ಸಿನ ಹೊರವಲಯದ ವಿಲ್‌ನವ್ ಲೆತಾಂಗ್ ಎಂಬಲ್ಲಿ, ಹಿಂದೆ ಅವರ ಲಸಿಕೆಯ ನಾಯಿಗಳನ್ನು ಸಾಕಿದ್ದ ಆವರಣದಲ್ಲೇ ಅವರ ಕೊನೆಯ ದಿನಗಳು ಕಳೆದವು.

ಅವರು ಕೈಬಿಟ್ಟ ನಾಯಿಗಳ ಲೆಕ್ಕ ಏನಾಯಿತು? 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ನಾಯಿಗೆ ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುವ ಲಸಿಕೆ ತಯಾರಿಸಿದರು. ಅಲ್ಲಿಂದ ಅಸಾಧ್ಯ ಎನ್ನಿಸಿದ್ದು ಸಾಧ್ಯವಾಗತೊಡಗಿತು. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ಸಾಕು, ರೋಗ ಒಂದರಿಂದ ಇನ್ನೊಂದಕ್ಕೆ ದಾಟಲಾಗದೆ ನಂದಿಹೋಗುತ್ತದೆ. ದೂರ ಹೋಗುವುದೇ ಬೇಡ, ನಮ್ಮ ಪಕ್ಕದ ಗೋವಾವನ್ನೇ ನೋಡಿ. 2013ರಿಂದ 2019ರವರೆಗೆ ಅಲ್ಲಿ ಬೀದಿನಾಯಿ, ಸಾಕುನಾಯಿ ಎನ್ನದೆ ವರ್ಷಕ್ಕೆ 95,000ದವರೆಗೆ ಲಸಿಕೆ ಹಾಕುತ್ತ ಬಂದರು. ಶಾಲೆ ಶಾಲೆಗೂ ಹೋಗಿ ಮಕ್ಕಳಿಗೆ ತಿಳಿಸಿದರು. ನಾಯಿಗಳ ರೇಬೀಸ್ ಶೇ. 92ರಷ್ಟು ಇಳಿಯಿತು. ಆ ಅವಧಿಯ ಕೊನೆಗೆ ಮನುಷ್ಯರ ರೇಬೀಸ್ ಸಾವು ನಿಂತಿತು.

ಇನ್ನು ಆ ಹುಡುಗಿಯ ಪ್ರಶ್ನೆ. ಅಪ್ಪ, ಚಿಕ್ಕಪ್ಪ, ಅಜ್ಜಿ, ಇವರಲ್ಲಿ ಯಾರು ಸರಿ? ಅಜ್ಜಿ ಸರಿಯಲ್ಲ, ಅವರ ಮೇಲೆ ಗೌರವವಿಟ್ಟೇ ಹೇಳುತ್ತಿದ್ದೇನೆ. ರೇಬೀಸ್ ಲಸಿಕೆ ನಮ್ಮ ದೇಶದ ಪ್ರತಿ ನಾಯಿಗೂ ಬೇಕು. ಇದರಲ್ಲಿ ಚೌಕಾಸಿ ಇಲ್ಲ. ಮರಿಗೆ ಮೂರು ತಿಂಗಳಾದಾಗ ಮೊದಲ ಸಲ, ಒಂದು ವರ್ಷದ ನಂತರ ಮತ್ತೊಮ್ಮೆ, ಆಮೇಲೆ ಪಶುವೈದ್ಯರು ಹೇಳಿದಂತೆ. ಇದು ನಾಯಿಗೂ ರಕ್ಷಣೆ, ನಿಮಗೂ ರಕ್ಷಣೆ.

ಉಳಿದವು ಹೆಚ್ಚಾಗಿ ನಾಯಿಯ ಸಲುವಾಗಿಯೇ ಹಾಕಿಸುವವು. ರಕ್ತಭೇದಿಯಾಗಿ ಮರಿಗಳು ಎರಡು ಮೂರು ದಿನದಲ್ಲಿ ಸಾಯುವುದನ್ನು ನೀವು ನೋಡಿರಬಹುದು. ಅದು ಸಾಮಾನ್ಯವಾಗಿ ಪಾರ್ವೊ ಎಂಬ ವೈರಸ್ ರೋಗ. ಮೂಗು ಕಣ್ಣು ಸೋರಿ, ಮೈ ಅದುರುವ ಡಿಸ್ಟೆಂಪರ್ ಇನ್ನೊಂದು. ಈ ಎರಡಕ್ಕೂ, ಯಕೃತ್ತಿನ ಒಂದು ರೋಗಕ್ಕೂ ಸೇರಿಸಿ ಒಂದೇ ಚುಚ್ಚುಮದ್ದು ಇದೆ. ಆರರಿಂದ ಎಂಟು ವಾರದಲ್ಲಿ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ನಾಲ್ಕು ತಿಂಗಳು ತುಂಬುವವರೆಗೆ ಕೊಡಬೇಕು. ಇಷ್ಟು ಸಲ ಏಕೆ? ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯಲ್ಲಿ ಇರುವತನಕ ಲಸಿಕೆ ಸರಿಯಾಗಿ ನಾಟುವುದಿಲ್ಲ. ಆ ರಕ್ಷಣೆ ಯಾವ ದಿನ ಕರಗುತ್ತದೆಂದು ಮೊದಲೇ ಹೇಳಲಾಗದು. ಆರೇಳು ಎಂದು ಚಿಕ್ಕಪ್ಪ ಹೇಳಿದ್ದು ಬಹುಶಃ ಈ ಸೂಜಿಗಳನ್ನೆಲ್ಲ ಎಣಿಸಿ.

ಕೆಲವು ಲಸಿಕೆಗಳು ಮಾತ್ರ ನಾಯಿ ಎಲ್ಲಿ, ಹೇಗೆ ಬದುಕುತ್ತದೆ ಎಂಬುದನ್ನು ನೋಡಿ ನಿರ್ಧರಿಸುವವು. ಇಲಿಜ್ವರ ಇಲಿಯ ಮೂತ್ರ ಬೆರೆತ ನೀರಿನಿಂದ ಬರುತ್ತದೆ. ಗದ್ದೆ, ಕೆಸರು, ಇಲಿ ಹೆಚ್ಚಿರುವ ಕಡೆ ಓಡಾಡುವ ನಾಯಿಗೆ ಅದರ ಲಸಿಕೆ ಬೇಕು, ಅದೂ ವರ್ಷ ವರ್ಷ. ನೂರಾರು ನಾಯಿಗಳ ಜೊತೆ ಗೂಡಿನಲ್ಲಿ ಇರಿಸುವ ನಾಯಿಗೆ ಕೊಡುವ ಕೆಮ್ಮಿನ ಲಸಿಕೆ ತೋಟದ ಮನೆಯ ಒಂಟಿ ನಾಯಿಗೆ ಬೇಕಾಗಲಿಕ್ಕಿಲ್ಲ. ಇದನ್ನು ಹೇಳಬೇಕಾದವರು ನಾಯಿಯನ್ನು ನೋಡಿದ ಪಶುವೈದ್ಯರು.

ಹುಳುವಿನ ಮಾತ್ರೆಯ ಬಗ್ಗೆ ಚಿಕ್ಕಪ್ಪ ಹೇಳಿದ್ದು ಸರಿ. ಪೆಬ್ರಿನ್ ತಾಯಿ ಪತಂಗದಿಂದ ಮೊಟ್ಟೆಗೆ ದಾಟುತ್ತದೆ ಎಂದು ಓದಿದಿರಲ್ಲ? ನಾಯಿಯ ದುಂಡುಹುಳುವೂ ಹಾಗೆಯೇ, ಮರಿ ಹುಟ್ಟುವ ಮೊದಲೇ ತಾಯಿಯ ಹೊಟ್ಟೆಯಿಂದ ಮರಿಗೆ ದಾಟಿರುತ್ತದೆ. ಆದ್ದರಿಂದ ಮರಿಗೆ ಎರಡು ವಾರವಾದಾಗಿನಿಂದಲೇ ಹುಳುವಿನ ಔಷಧ ಶುರುಮಾಡುತ್ತಾರೆ. ಅದರ ಮೊಟ್ಟೆಗಳು ನಾಯಿಯ ಮಲದಿಂದ ಮಣ್ಣಿಗೆ, ಮಣ್ಣಿನಿಂದ ನಿಮ್ಮ ಕೈಗೆ, ಕೈಯಿಂದ ಬಾಯಿಗೆ ಬರಬಹುದು. ಕುರಿ ಕಡಿದಾಗ ಹಸಿ ಶ್ವಾಸಕೋಶ, ಯಕೃತ್ತನ್ನು ನಾಯಿಗೆ ಎಸೆಯುವ ರೂಢಿ ನಮ್ಮಲ್ಲಿದೆ. ಅದರಿಂದ ನಾಯಿಗೆ ಬರುವ ಒಂದು ಲಾಡಿಹುಳು ಮನುಷ್ಯನಿಗೂ ಅಪಾಯಕಾರಿ. ಇನ್ನು ಉಣ್ಣೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ವಾರಕ್ಕೊಮ್ಮೆಯಾದರೂ ಹುಡುಕಿ. ಉಣ್ಣೆಯಿಂದಲೂ ನಾಯಿಗೆ ಜ್ವರ ಬರುತ್ತದೆ. ಅದಕ್ಕೆ ಔಷಧ ಪಶು ಆಸ್ಪತ್ರೆಯಲ್ಲಿ ಕೇಳಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಸವರಲು ಮಾತ್ರ ಯಾರಿಗೂ ಬಿಡಬೇಡಿ. ನಾಯಿಯೂ ಸಾಯುತ್ತದೆ, ಅದನ್ನು ಮುಟ್ಟುವ ಮಕ್ಕಳಿಗೂ ಅಪಾಯ.

ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಆ ದಿನ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುತ್ತಾರೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹೋಗುವಾಗ ನಾಯಿಯನ್ನು ಹಗ್ಗ ಕಟ್ಟಿ ದೊಡ್ಡವರೇ ಹಿಡಿದುಕೊಳ್ಳಲಿ. ಲಸಿಕೆ ಹಾಕಿದ ತಾರೀಖು ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿಡುವ ಕೆಲಸ ನಿಮ್ಮದಾಗಿರಲಿ.